ಅಮಾವಾಸ್ಯೆ ದಿನದ ಮಗ್ಗ

ಹಿಂದೂಪುರದ ಮಗ್ಗದ ಕೇರಿಯಲ್ಲಿ ಒಂದು ಕಾಲಕ್ಕೆ ಮನೆಗೊಂದು ಮಗ್ಗ, ಮಗ್ಗಕ್ಕೊಂದು ಗುಂಡಿ. ನೇಯುವವನು ಗುಂಡಿಯೊಳಕ್ಕೆ ಕಾಲು ಇಳಿಬಿಟ್ಟು ನೆಲದ ಮೇಲೆ ಕೂರಬೇಕು. ಕೆಳಗೆ ಕಾಲು ತುಳಿಯಬೇಕು, ಮೇಲೆ ಕೈ ಲಾಳಿ ಎಸೆಯಬೇಕು. ಬರಬರುತ್ತಾ ಮಗ್ಗಗಳು ಹೋದವು, ಗುಂಡಿಗಳು ಉಳಿದವು. ಕೆಲವರು ಮಣ್ಣು ತುಂಬಿದರು. ರಾಮಕ್ಕ ತುಂಬಲಿಲ್ಲ. ಗಂಡ ಕೇಶವಯ್ಯ ತೀರಿಕೊಂಡ ಮೇಲೆ ಮಗ್ಗದ ಮರಮುಟ್ಟು ಮಾರಿ, ಗುಂಡಿಯ ಬಾಯಿಗೆ ಕಡಪದ ಕಲ್ಲು ಮುಚ್ಚಿಸಿ, ಅದರ ಮೇಲೇ ಗೋಣಿ ಹಾಸಿ ಕೂತು ಹುಣಸೆಹಣ್ಣು ಬಡಿಯತೊಡಗಿದಳು. ಮಂಡಿಯಿಂದ ಮೂಟೆ ಮನೆಗೆ ಬರುತ್ತಿತ್ತು. ದೊಡ್ಡ ಸೊಸೆ ಪದ್ಮಾವತಮ್ಮ ನಾರು ತೆಗೆದು ಕೊಡುವಳು, ರಾಮಕ್ಕ ಬಡಿದು ಬೀಜ ಬಿಡಿಸುವಳು. ಆ ಮನೆಯ ಗೋಡೆಯೂ ಹುಳಿ, ಹಾಸಿಗೆಯೂ ಹುಳಿ. ಬೆರಳ ಸಂದಿಗಳಂತೂ ಬಿರುಕು ಬಿಟ್ಟು ವರ್ಷದುದ್ದಕ್ಕೂ ಉರಿಯುತ್ತಿದ್ದವು.

ಮಗ್ಗದ ಗುರುತಿಗೆ ಅಂತ ಉಳಿದದ್ದು ಬಾಚಣಿಗೆಯಂಥ ಒಂದು ಅಚ್ಚು. ಹಾಸಿನ ಎಳೆಗಳನ್ನೆಲ್ಲ ಒಂದೊಂದಾಗಿ ಅದರೊಳಗೆ ಹಾಯಿಸಿರುತ್ತಾರೆ. ಕೇಶವಯ್ಯ ಕೊನೆಯ ಸೀರೆ ಕತ್ತರಿಸಿದಾಗ ಉಳಿದ ಎಳೆಗಳ ಸಮೇತ ಅದು ತೊಲೆಗೆ ನೇತಾಡುತ್ತಿತ್ತು.

ದೊಡ್ಡ ಮಗ ಆದಿನಾರಾಯಣ ಅದೇ ಮಂಡಿಯ ಗೋಡೌನು ಕಾಯುತ್ತಿದ್ದ. ಗೋಡೌನಿನ ಬೀಗದ ಕೈ ಅವನ ಉಡಿದಾರದಲ್ಲೇ ಇರುತ್ತಿತ್ತು. ಚಿಕ್ಕ ಮಗ ಸೀತಾರಾಮಪ್ಪ ಕಲ್ಯಾಣದುರ್ಗದಲ್ಲಿ ಮನೆ ಮಾಡಿಕೊಂಡು ಅಲ್ಲೇ ಹತ್ತಿರದ ಹಳ್ಳಿಯ ಕನ್ನಡ ಇಸ್ಕೂಲಿನಲ್ಲಿ ಮೇಷ್ಟ್ರಾಗಿದ್ದ. ತೊಂಬತ್ತೊಂದನೇ ಇಸವಿಯಲ್ಲಿ, ಹುಣಸೆ ಸುಗ್ಗಿ ಶುರುವಾಗುವ ಹೊತ್ತಿಗೆ, ಈ ಮೇಷ್ಟ್ರು ಒಂದು ವಾರಪತ್ರಿಕೆಗೆ ತನ್ನ ಚಿಕ್ಕಂದಿನ ಕತೆ ಬರೆಯತೊಡಗಿದ. ಅದಕ್ಕೆ 'ಗುಂಡಿಯ ಮನೆ' ಅಂತ ಹೆಸರಿಟ್ಟ. ಜಗಳ ಹುಟ್ಟಿದ್ದು ಅಲ್ಲಿಂದ.

ಮೊದಲ ವಾರ ಜಗಳವೇನೂ ಇರಲಿಲ್ಲ. ಆದಿನಾರಾಯಣನ ಮಗಳು ವರಲಕ್ಷ್ಮಿ, ಹೈಸ್ಕೂಲು ಓದುವವಳು, ಎಲ್ಲರೂ ಊಟಕ್ಕೆ ಕೂತಾಗ ಪತ್ರಿಕೆ ಬಿಡಿಸಿ ಗಟ್ಟಿಯಾಗಿ ಓದಿದಳು. ಕೇರಿಯ ವರ್ಣನೆ ಬಂತು. ಮಗ್ಗದ ಸದ್ದು ಬಂತು. ತೊಲೆಗೆ ನೇತುಬಿದ್ದ ಅಚ್ಚೂ ಬಂತು.

"'ಆ ಎಳೆಗಳು ಇನ್ನೂ ಕಾಯುತ್ತಿವೆ, ಬಾರದ ನಾಳೆಗಾಗಿ' ಅಂತ ಬರ್ದವ್ರೆ ಚಿಕ್ಕಪ್ಪ" ಅಂದಳು ಹುಡುಗಿ.

"ಇಲಿ ಕಡೀತವೆ ಅಂತ ಮೇಲೆ ಕಟ್ಟಿದ್ದು ಕಣಮ್ಮ ನಾನು" ಅಂದಳು ರಾಮಕ್ಕ, ಮುದ್ದೆ ಮುರಿಯುತ್ತಾ. "ಕಾಯ್ತಾ ಅವಂತಾ? ಇರ್ಲಿ ಬಿಡು. ಚೆನ್ನಾಗೈತೆ."

ಪದ್ಮಾವತಮ್ಮ ಸಾರು ಬಡಿಸುತ್ತಾ, "ಎಲ್ಲಾ ಬಂತು, ಅಣ್ಣನ ಸುದ್ದಿ ಬರ್ಲಿಲ್ಲ" ಅಂದಳು. "ಹೆಗಲ ಮೇಲೆ ಹೊತ್ಕೊಂಡು ತಿರುಗಿದೋನು, ಅಲ್ಲಾ ನೆಪ್ಪಾಗ್ಲಿಲ್ವಾ ಮೇಷ್ಟ್ರಿಗೆ?"

"ನೆಪ್ಪಾಗ್ದೆ ಇದ್ರೆ ಸಾಕು" ಅಂದ ಆದಿನಾರಾಯಣ. "ನಮ್ಮ ಸಾಹುಕಾರ್ರೂ ಆ ಪತ್ರಿಕೆ ಓದ್ತಾರೆ. ಈವತ್ತು ಕೇಳಿದ್ರು, ಈ ಸೀತಾರಾಮಪ್ಪ ನಿಮ್ಮ ಕೇರಿಯೋರಂತಲ್ಲಪ್ಪ, ಗೊತ್ತಾ ಅಂತ."

"ಏನಂದ್ರಿ?"

"ನಮ್ಮೋರೇ ಸಾಮಿ ಅಂದೆ. ಅಷ್ಟೇ ಅಂದೆ."

ಸಾಹುಕಾರ ಅಮರೇಶಪ್ಪ ಚಳ್ಳಕೆರೆ ಕಡೆಯವನು. ಇತ್ತೀಚೆಗೆ ಬಂದು ಮಂಡಿ ಕೊಂಡವನು. ಮಧ್ಯಾಹ್ನ ದಿಂಬಿಗೆ ಒರಗಿ ಕತೆ ಕಾದಂಬರಿ ಓದುವ ಹವ್ಯಾಸದವನು. ಊರಿನ ಹಳೇ ಸಂಗತಿಗಳೊಂದೂ ಅವನಿಗೆ ತಿಳಿಯದು. ತಿಳಿಯದ್ದಕ್ಕೇ ಆದಿನಾರಾಯಣನ ಕೈಗೆ ಬೀಗದ ಕೈ ಕೊಟ್ಟಿದ್ದ.

ಮೂರನೇ ವಾರ ಓದುವಾಗ ವರಲಕ್ಷ್ಮಿಯ ದನಿ ಕೊನೆಗೆ ಬಂದು ತಡವರಿಸಿತು. ಕೊನೆಯ ಸಾಲು ಹೀಗಿತ್ತು: 'ಅಮಾವಾಸ್ಯೆಯ ದಿನ ನನ್ನ ತಂದೆ ಮಗ್ಗಕ್ಕೆ ಕೂತರು. ಅಂದು ಆ ಗುಂಡಿಯಲ್ಲಿ ಏನಿತ್ತು ಎಂಬುದನ್ನು ಹೇಳದೆ ನನ್ನ ಬಾಲ್ಯದ ಕತೆ ಪೂರ್ತಿಯಾಗದು.'

ಆದಿನಾರಾಯಣ ತಟ್ಟೆ ಮುಂದಕ್ಕೆ ತಳ್ಳಿದ. ಅವರೆಕಾಳಿನ ಸಾರು ಹಾಗೇ ಉಳಿಯಿತು.

"ಏನಿತ್ತಜ್ಜಿ ಗುಂಡೀಲಿ?" ಅಂದಳು ಹುಡುಗಿ.

"ಏನಿರ್ತದೆ? ಕಸ, ಧೂಳು. ಎದ್ದು ಕೈ ತೊಳ್ಕೊ, ಹೋಗು."

"ಅಪ್ಪಯ್ಯ ಯಾಕೆ ಉಣ್ತಿಲ್ಲ?"

"ನಿಂಗೆ ಹೇಳಿದ್ದು ಕೇಳಿಸ್ಲಿಲ್ವೇನೇ?" ಅಂತ ಪದ್ಮಾವತಮ್ಮ ಗದರಿದಳು. ಹುಡುಗಿ ಪತ್ರಿಕೆ ಮಡಚಿಟ್ಟು ಹಿತ್ತಿಲಿಗೆ ಹೋದಳು. ಅವಳು ಅತ್ತ ಹೋದಳೋ ಇಲ್ಲವೋ, ಪದ್ಮಾವತಮ್ಮ ಅತ್ತೆಯ ಕಡೆ ತಿರುಗಿದಳು. "ನಿಮ್ಮ ಮಗ ಓದಿದ್ದು ಇದಕ್ಕೇ ಏನತ್ತೆ? ಯಾರ ಬೆವರಲ್ಲಿ ಓದಿದ್ದು ಅವ್ರು? ಈಗ ಅದೇ ಅಣ್ಣನ್ನ ಬಜಾರಲ್ಲಿ ನಿಲ್ಲಿಸ್ತಾರಾ?"

"ಊರ್ಕೋಮ್ಮ, ಸುಮ್ಕಿರು, ಹುಡುಗಿ ಕೇಳಿಸ್ಕೊಂಡಾಳು."

"ಕೇಳಿಸ್ಕೊಳ್ಳಿ! ಮುಂದಿನ ವಾರ ಅವಳೇ ಓದ್ತಾಳಲ್ಲ ಗಟ್ಟಿಯಾಗಿ!"

ಗುಂಡಿಯಲ್ಲಿ ಇದ್ದದ್ದೇನು ಅಂತ ಆ ಮನೆಯ ದೊಡ್ಡವರಿಗೆಲ್ಲ ಗೊತ್ತಿತ್ತು. ಎಪ್ಪತ್ತೆರಡನೇ ಇಸವಿಯ ಮಾತು. ಆದಿನಾರಾಯಣನಿಗೆ ಆಗಷ್ಟೇ ಮೀಸೆ ಮೊಳೆಯುತ್ತಿತ್ತು. ಸೀತಾರಾಮ ಇನ್ನೂ ಚಡ್ಡಿ ಹುಡುಗ. ನೂಲು ಸಿಗದೆ ಮಗ್ಗ ಆಡುವುದೇ ಅಪರೂಪ, ಒಲೆ ಹತ್ತುವುದೂ ಅಷ್ಟಕ್ಕಷ್ಟೆ. ಕೇರಿಯ ಹಿಂದೆ ರೈಲಿನ ಗೂಡ್ಸ್ ಷೆಡ್ಡು ಇತ್ತು. ಮುತ್ಯಾಲಪ್ಪ ಅಂತ ಒಬ್ಬನಿದ್ದ, ಮಟ್ಕಾ ಆಡಿಸುವವನು. ಕೇರಿಯ ಹುಡುಗರನ್ನು ಕಟ್ಟಿಕೊಂಡು ವ್ಯಾಗನ್ನಿನಿಂದ ಮೂಟೆ ಎಗರಿಸುವ ಕಸುಬನ್ನೂ ಇಟ್ಟುಕೊಂಡಿದ್ದ. ಕೇರಿಯಲ್ಲಿ ಅವನ ಮಾತಿಗೆ ಇಲ್ಲ ಅಂದವರ ಮನೆಯ ಹೆಂಚು ಉಳಿಯುತ್ತಿರಲಿಲ್ಲ. ಆದಿನಾರಾಯಣ ಅವನ ಹಿಂದೆ ಹೋದ. ಮನೆಗೆ ಅಕ್ಕಿ ಬಂತು. ಎಲ್ಲಿಂದ ಬಂತು ಅಂತ ರಾಮಕ್ಕ ಕೇಳಲಿಲ್ಲ. ಅನ್ನ ಬೇಯಿಸಿದಳು. ಸೀತಾರಾಮ ಎರಡು ಸಲ ಹಾಕಿಸಿಕೊಂಡು ಉಂಡ.

ಒಂದು ಬೆಳಗ್ಗೆ ಪೊಲೀಸಿನವರು ಷೆಡ್ಡಿಗೆ ನುಗ್ಗಿದರು. ಹುಡುಗರು ಚೆಲ್ಲಾಪಿಲ್ಲಿಯಾದರು. ಆದಿನಾರಾಯಣ ಹೊತ್ತಿದ್ದ ಹುಣಸೆಹಣ್ಣಿನ ಮೂಟೆಯನ್ನು ಬಿಸಾಡಿ ಬರಬಾರದೇ, ಮನೆಗೇ ತಂದುಬಿಟ್ಟ. ತಂದವನೇ ಮಗ್ಗದ ಗುಂಡಿಗೆ ಸುರಿದ. ಕೇಶವಯ್ಯ ಕಳ್ಳತನದ ಗಾಳಿಯೂ ಗೊತ್ತಿಲ್ಲದ ಮನುಷ್ಯ. ಅವನಿಗೆ ತೋಚಿದ್ದು ಒಂದೇ. ಗುಂಡಿ ಮರೆಯಾಗಲಿ ಅಂತ ಅದರ ಮುಂದೆ ಕೂತು ನೇಯತೊಡಗಿದ. ಕಾಲು ಇಳಿಬಿಡುವುದಕ್ಕೆ ಜಾಗವಿಲ್ಲ. ಕಾಲು ಮಡಚಿಕೊಂಡು ಸುಮ್ಮನೆ ಲಾಳಿ ಎಸೆದ.

ಅವತ್ತು ಅಮಾವಾಸ್ಯೆ.

ಅಮಾವಾಸ್ಯೆ ದಿನ ಆ ಕೇರಿಯಲ್ಲಿ ಯಾರೂ ಮಗ್ಗ ಮುಟ್ಟುವುದಿಲ್ಲ. ಹಸಿದು ಮಲಗಿದರೂ ಮುಟ್ಟುವುದಿಲ್ಲ. ಇಡೀ ಕೇರಿ ಗಪ್ಪಾಗಿತ್ತು. ಆ ಗಪ್ಪಿನೊಳಗೆ ಒಂದೇ ಒಂದು ಮಗ್ಗ ಟಕ್ ಟಕ್ ಅನ್ನುತ್ತಿತ್ತು. ಹುಡುಗ ಯಾವ ಮನೆ ಹೊಕ್ಕನೋ ಅಂತ ಕೇರಿಯ ಬಾಯಲ್ಲಿ ನಿಂತಿದ್ದ ಪೊಲೀಸಿನವರು ಆ ಸದ್ದು ಹಿಡಿದು ನೆಟ್ಟಗೆ ಬಂದರು. ಅವರಲ್ಲೊಬ್ಬ ಊರಿನವನೇ. ಹೊಸ್ತಿಲಲ್ಲಿ ನಿಂತು, "ಏಂ ಕೇಶವಯ್ಯಾ, ಈರೋಜು ಅಮಾವಾಸ್ಯ ಕದಾ? ಅಮಾಸೆ ದಿನ ಯಾರಿಗೆ ಸೀರೆ ನೇಯ್ತಿದ್ದೀಯ?" ಅಂದ.

ಕೇಶವಯ್ಯನ ಕೈಯಿಂದ ಲಾಳಿ ಜಾರಿ ಬಿತ್ತು.

ಆದಿನಾರಾಯಣ ಒಂದು ವರ್ಷ ಜೈಲಿನಲ್ಲಿದ್ದ. ಮುತ್ಯಾಲಪ್ಪ ಕೇರಿಯಲ್ಲೇ ಇದ್ದ. ಕೇಶವಯ್ಯನಿಗೆ ಆಮೇಲೆ ನೂಲು ಕೊಡುವವರು ಕಡಿಮೆಯಾದರು. ಸಾಯುವ ತನಕ ಅವನು, "ಅಮಾಸೆ ದಿನ ಕೂತೆ ನೋಡು, ಅದಕ್ಕೇ ಹಿಂಗಾಯ್ತು" ಅಂತಲೇ ಅನ್ನುತ್ತಿದ್ದ. ಮೂಟೆಯ ಮಾತನ್ನು ಒಂದು ದಿನವೂ ಎತ್ತಲಿಲ್ಲ. ಆದಿನಾರಾಯಣ ಜೈಲಿನಿಂದ ಬಂದವನು ಇನ್ನೊಬ್ಬರ ಮೂಟೆ ಹೊತ್ತ, ಲಾರಿ ತುಂಬಿಸಿದ, ತಮ್ಮನನ್ನು ಓದಿಸಿದ. ಬೆನ್ನು ನೋವು ಬಂದ ಮೇಲೆ ಕಾವಲು ಕೆಲಸಕ್ಕೆ ಸೇರಿದ. ಕೇರಿಯ ಹಳಬರು ಸತ್ತರು. ಉಳಿದವರು ಮರೆತರು, ಇಲ್ಲವೇ ಮರೆತವರ ಹಾಗಿದ್ದರು. ಮುಚ್ಚಿದ ಗುಂಡಿಯ ಮೇಲೆ ಸಂಸಾರ ಹೇಗೋ ಕೂತಿತ್ತು.

ಮೂರನೇ ವಾರದ ಪತ್ರಿಕೆ ಓದಿದ ಮಾರನೇ ದಿನ ಬೆಳಗ್ಗೆ ರಾಮಕ್ಕ ಹುಣಸೆಹಣ್ಣು ಸೊಸೆಗೆ ಒಪ್ಪಿಸಿ, ಸೀರೆ ಬದಲಾಯಿಸಿ, ಚೀಲ ಹಿಡಿದಳು.

"ಎಲ್ಲಿಗಮ್ಮ?" ಅಂದ ಆದಿನಾರಾಯಣ.

"ಕಲ್ಯಾಣದುರ್ಗಕ್ಕೆ ಹೋಯ್ತೀನಿ. ಸಂಜೆಗೆ ಬತ್ತೀನಿ, ಇಲ್ಲಾಂದ್ರೆ ನಾಳೆ ಬತ್ತೀನಿ."

"ನೀನು ಹೇಳಿದ್ರೆ ಕೇಳ್ತಾನಾ ಅವನು?"

"ಹೆತ್ತಿದ್ದೀನಲ್ಲ, ಕೇಳ್ತೀನಿ. ಕೇಳೋದು ಬಿಡೋದು ಅವನಿಗೆ ಬಿಟ್ಟಿದ್ದು."

ರೊದ್ದಂ ಬಸ್ಸು ಹತ್ತಿ, ಮುಂದೆ ಬಸ್ಸು ಬದಲಾಯಿಸಿ, ಜನರ ನಡುವೆ ನಿಂತೇ ಹೋದಳು. ಅವತ್ತು ಭಾನುವಾರ, ಮೇಷ್ಟ್ರು ಮನೆಯಲ್ಲಿದ್ದ. ಚಿಕ್ಕ ಸೊಸೆ ರಂಗಲಕ್ಷ್ಮಿ ಮಂಡಕ್ಕಿ ನೆನೆಸಿ ಉಗ್ಗಾಣಿ ಕಲಸಿ, ಮೆಣಸಿನಕಾಯಿ ಬಜ್ಜಿ ಇಟ್ಟು ಕೊಟ್ಟಳು. ರಾಮಕ್ಕ ತಟ್ಟೆ ಮುಟ್ಟಲಿಲ್ಲ.

"ಮುಂದಿನ ವಾರದ್ದು ಕಳಿಸ್ಬುಟ್ಯೇನಪ್ಪ?"

"ನಾಳೆ ಅಂಚೆಗೆ ಹಾಕ್ಬೇಕಮ್ಮ. ಬರ್ದು ಇಟ್ಟಿದ್ದೀನಿ. ಓದ್ತೀನಿ ಕೇಳು." ಸೀತಾರಾಮಪ್ಪ ಕನ್ನಡಕ ಏರಿಸಿಕೊಂಡ. "'ನಮ್ಮ ಮನೆಯ ನಟ್ಟನಡುವೆ ಒಂದು ಬಾಯಿ ಇತ್ತು. ಅದು ಮೊದಲು ನನ್ನ ತಂದೆಯ ಕಾಲುಗಳನ್ನು ನುಂಗಿತು. ಆಮೇಲೆ ನನ್ನ ಅಣ್ಣನನ್ನು ನುಂಗಿತು.'"

"ಗುಂಡಿ ಎಲ್ಲಪ್ಪ ನುಂಗ್ತು? ಮೊಣಕಾಲು ಮುಳುಗೋಷ್ಟಿತ್ತು ಅಷ್ಟೇ."

"ಅಮ್ಮಾ, ಗುಂಡಿ ಅಂದ್ರೆ ಬರೀ ಗುಂಡಿ ಅಲ್ಲಮ್ಮ. ಅದು ಸಂಕೇತ."

"ಅಂಗಂದ್ರೆ?"

"ಒಂದನ್ನ ತೋರ್ಸಿ ಇನ್ನೊಂದನ್ನ ಹೇಳೋದು. ಗುಂಡಿ ತೋರಿಸ್ತೀನಿ, ಓದೋರಿಗೆ ನಮ್ಮ ಬಡತನ ಕಾಣ್ತದೆ. ಅಪ್ಪನ ಮಗ್ಗ ತೋರಿಸ್ತೀನಿ, ಒಬ್ಬನೇ ಒಬ್ಬ ಮನುಷ್ಯ ಕೂಗ್ಕೊಂಡಂಗೆ ಕೇಳಿಸ್ತದೆ."

"ನಿಮ್ಮಪ್ಪ ಕೂಗ್ಲಿಲ್ಲ ಕಣೋ. ಉಸಿರು ಬಿಡೋಕೂ ಹೆದರ್ಕೊಂಡಿದ್ರು."

"ಅದೇ ಅಮ್ಮ ನಾನು ಹೇಳೋದು!"

"ಅದನ್ನ ಹೇಳೋಕೆ ನಿಮ್ಮಣ್ಣ ಯಾಕೆ ಬೇಕು?" ಅಂದಳು ರಾಮಕ್ಕ. "ಓದೋರಿಗೆ ಏನು ಕಾಣ್ತದೋ ನಂಗೊತ್ತಿಲ್ಲ. ಅಮರೇಶಪ್ಪನಿಗೆ ಮಾತ್ರ ನಿಮ್ಮಣ್ಣ ಕಾಣ್ತಾನೆ, ತಲೆ ಮೇಲೆ ಮೂಟೆ ಹೊತ್ಕೊಂಡು. ಹುಣಸೆಹಣ್ಣು ಕದ್ದೋನ ಕೈಗೇ ಹುಣಸೆಹಣ್ಣಿನ ಗೋಡೌನು ಕೊಟ್ಟಿದ್ದೀನಲ್ಲ ಅಂತಾನೆ. ಬೀಗದ ಕೈ ಬಿಚ್ಚಿಸ್ಕೊಂತಾನೆ. ನಮ್ಮನೆಗೆ ಬರೋ ಮೂಟೇನೂ ನಿಂತೋಯ್ತದೆ. ಆಮೇಲೆ ಉಣ್ಣೋದೇನು?"

ಸೀತಾರಾಮಪ್ಪ ಕಾಗದಗಳನ್ನು ಮಡಿಲಲ್ಲಿಟ್ಟುಕೊಂಡ. "ನಾನೂ ಅವತ್ತು ಮಗ್ಗದ ಪಕ್ಕ ನಿಂತಿದ್ದೆ ಕಣಮ್ಮ. ಇಸ್ಕೂಲಲ್ಲಿ ನನ್ನ ಹೆಸರು ಹಿಡಿದು ಕರೀತಿರ್ಲಿಲ್ಲ, ದೊಂಗ ತಮ್ಮುಡು, ಕಳ್ಳನ ತಮ್ಮ ಅಂತಿದ್ರು. ನಾನು ಎಲ್ಲಿ ಹೇಳ್ಕೊಳ್ಳಿ? ಅದು ನನ್ನ ಕತೇನೂ ಅಲ್ವಾ?"

"ನಿನ್ನನ್ನ ಅಂದ್ರು ಕಣಪ್ಪ, ಇಲ್ಲ ಅನ್ನಲ್ಲ. ಅವನನ್ನ ಹೊಡದ್ರು."

ರಂಗಲಕ್ಷ್ಮಿ ಬಾಗಿಲಲ್ಲಿ ನಿಂತವಳು, "ಅತ್ತೆ ಹೇಳೋದು ಸರಿ ಅಲ್ವೇನ್ರೀ? ನಾಳೆ ಇಲ್ಲಿ ಇಸ್ಕೂಲಿನೋರೂ ಓದ್ತಾರೆ" ಅಂದಳು. ಅವಳ ಚಿಂತೆ ಅವಳದು.

"ಅಣ್ಣನ್ನ ತೆಗೆದ್ರೆ ಏನಮ್ಮ ಉಳೀತದೆ?"

"ಗುಂಡಿ ಉಳೀತದಲ್ಲ. ಏನೋ ಅಂದ್ಯಲ್ಲ, ತೋರ್ಸಿ ಹೇಳೋದು ಅಂತ. ಹಂಗೆ ಹೇಳ್ಕೊ. ಅವನನ್ನ ತೆಗ್ದಾಕು. ನಿಂಗೆ ಕೈ ಮುಗೀತೀನಿ ಕಣೋ ಸೀತಾರಾಮ."

ತಾಯಿ ನಿಜವಾಗಿಯೂ ಕೈ ಮುಗಿದದ್ದು ನೋಡಿ ಮೇಷ್ಟ್ರು ಎದ್ದು ನಿಂತುಬಿಟ್ಟ. "ಬೇಡಮ್ಮ, ಬೇಡ. ಆಯ್ತು, ತೆಗೀತೀನಿ" ಅಂದ. ಆಮೇಲೆ ರಾಮಕ್ಕ ಉಗ್ಗಾಣಿ ತಿಂದಳು. ಆರಿ ತಣ್ಣಗಾಗಿತ್ತು.

ಪತ್ರಿಕೆ ಬಂದ ದಿನ ವರಲಕ್ಷ್ಮಿ ಓದಲು ಕೂತಾಗ ಆದಿನಾರಾಯಣ ಹೊಸ್ತಿಲ ಮೇಲೆ, ಯಾವಾಗ ಬೇಕಾದರೂ ಎದ್ದು ಹೋಗುವವನ ಹಾಗೆ ಕೂತಿದ್ದ. ಅಮಾವಾಸ್ಯೆ ಬಂತು. ಮಗ್ಗ ಬಂತು. ಗುಂಡಿ ಬರಿದಾಗಿತ್ತು. ಹಸಿವು ತಾಳಲಾರದೆ ತಂದೆ ನೇಮ ಮುರಿದು ನೇಯ್ದರು, ಆ ಬರಿಯ ಗುಂಡಿಯಲ್ಲಿ ಅವರ ಕಾಲುಗಳು ನೆಲ ಹುಡುಕುತ್ತಿದ್ದವು ಅಂತ ಬರೆದಿತ್ತು. ಪೊಲೀಸಿನವರು ಬರಲೇ ಇಲ್ಲ. ಪದ್ಮಾವತಮ್ಮ ಉಸಿರು ಬಿಟ್ಟಳು. "ಸದ್ಯ, ದೇವ್ರು ದೊಡ್ಡೋನು."

ಹುಡುಗಿ ಮುಂದೆ ಓದಿದಳು: "'ಆ ಮನೆಯಲ್ಲಿ ಇದ್ದವರು ನಾವು ಮೂವರೇ. ಅಪ್ಪ, ಅಮ್ಮ, ಅವರ ಒಬ್ಬನೇ ಮಗನಾದ ನಾನು.'"

ಓದುವುದು ನಿಂತಿತು. ವರಲಕ್ಷ್ಮಿ ಅಪ್ಪನ ಮುಖ ನೋಡಿದಳು.

ಆದಿನಾರಾಯಣ ಮೊದಲು ನಕ್ಕ. "ಒಬ್ಬನೇ ಮಗನಾ? ಸರ್ಲೇ. ಅಲ್ಲಮ್ಮಾ ವರ, ಅಕ್ಕಿ ತಂದಿದ್ದು ಯಾರಂತೆ?"

"ಅಕ್ಕಿ ಇರಲಿಲ್ಲ ಅಂತ ಬರ್ದವ್ರೆ ಅಪ್ಪಯ್ಯ."

"ಇಸ್ಕೂಲಿಗೆ ಹಾಕಿದ್ದು? ಟ್ರೈನಿಂಗಿಗೆ ಕಳಿಸಿದ್ದು?"

ಹುಡುಗಿ ಬೆರಳಿಟ್ಟು ಹುಡುಕಿದಳು. "'ಅಮ್ಮ ಹುಣಸೆಹಣ್ಣು ಬಡಿದು ಬಡಿದು ನನ್ನನ್ನು ಓದಿಸಿದಳು.'"

ರಾಮಕ್ಕ ಕೈಯಲ್ಲಿದ್ದ ಸುತ್ತಿಗೆ ಕೆಳಗಿಟ್ಟಳು. ಹಾಸಿನಲ್ಲಿ ಒಂದು ಎಳೆ ಬಿಟ್ಟುಹೋದರೆ ಸೀರೆಯ ಉದ್ದಕ್ಕೂ ಗೀರು ಬೀಳುತ್ತದೆ. ಕೊಂಡವರಿಗೆ ಕಾಣದಿರಬಹುದು, ನೇಯ್ದ ಮನೆಯವರ ಕಣ್ಣಿಗೆ ಅದೇ ಕಾಣುತ್ತದೆ. ಅಂಥ ಸೀರೆಯನ್ನು ಕೇಶವಯ್ಯ ಬಿಚ್ಚಿ ಹಾಕುತ್ತಿದ್ದ. ಇದು ಅಚ್ಚಾಗಿ ಊರೂರಿಗೆ ಹೋಗಿಯಾಗಿತ್ತು, ಬಿಚ್ಚುವ ಹಾಗಿರಲಿಲ್ಲ.

"ಅವನನ್ನ ಅನ್ನಬೇಡಪ್ಪ. ನಾನೇ ಹೇಳಿದ್ದು" ಅಂದಳು.

"ಮೂಟೆ ತೆಗ್ಸೋಕೆ ಅಂತ ಅಲ್ವಾ ಹೋಗಿದ್ದು ನೀನು? ನನ್ನೇ ತೆಗ್ಸಿ ಬಂದ್ಯಲ್ಲಮ್ಮ."

ಎದ್ದು ಚಪ್ಪಲಿ ಮೆಟ್ಟಿಕೊಂಡು ಹೋದ. ಬೀಗದ ಕೈಯ ಸದ್ದು ಕೇರಿಯ ಕೊನೆಯವರೆಗೂ ಕೇಳಿಸಿತು.

ಅವತ್ತು ಮಂಡಿಯಿಂದ ಬಂದವನು ಉಣ್ಣುತ್ತಾ ಉಣ್ಣುತ್ತಾ ಒಂದು ಸಂಗತಿ ಹೇಳಿದ. ಅಮರೇಶಪ್ಪ ಪತ್ರಿಕೆ ಓದಿ ಕಣ್ಣೊರೆಸಿಕೊಂಡನಂತೆ. "ಏನ್ ಬರ್ದಿದ್ದಾನಯ್ಯ ಪುಣ್ಯಾತ್ಮ! ನಮ್ಮ ಮಂಡಿಗೇ ಕರೆಸಿ ಶಾಲು ಹೊದಿಸ್ಬೇಕು. ಹೌದು, ನಿಮ್ಮೋರೇ ಅಂದ್ಯಲ್ಲ, ನಿನಗೇನಾಗ್ಬೇಕು ಅವನು?" ಅಂದನಂತೆ.

"ನೀವೇನಂದ್ರಿ?" ಅಂದಳು ಪದ್ಮಾವತಮ್ಮ.

"ಏನನ್ಲಿ? ಒಬ್ಬನೇ ಮಗ ಅಂತ ಅಚ್ಚಾಗೋಗೈತೆ. ಸ್ವಂತ ಅಣ್ಣ ಅಂದ್ರೆ, ಮತ್ಯಾಕಪ್ಪ ನಿನ್ನ ಬರ್ದಿಲ್ಲ ಅಂತಾರೆ. ಯಾಕೆ ಅಂತ ಹುಡುಕ್ತಾ ಹೋಗ್ತಾರೆ. ದೊಡ್ಡಪ್ಪನ ಮಗ ಸಾಮಿ ಅಂದ್ಬುಟ್ಟೆ."

"ಅಂದ್ರೆ ನಾನು?" ಅಂದಳು ರಾಮಕ್ಕ.

"ನೀನು ದೊಡ್ಡಮ್ಮ." ತಲೆ ಎತ್ತದೆ ಅಂದ. "ಸಾರು ಹಾಕು ಪದ್ಮ."

ಪದ್ಮಾವತಮ್ಮ ಸಾರು ಹಾಕಿದಳು. ವರಲಕ್ಷ್ಮಿ, "ಗುಂಡೀಲಿ ಏನಿತ್ತು ಅಂತ ನಂಗೊತ್ತಾಯ್ತು" ಅಂದಳು, ಮೆಲ್ಲಗೆ. ಅವತ್ತು ಅವಳಿಗೆ ಯಾರೂ ಗದರಲಿಲ್ಲ.

ಯುಗಾದಿ ಮುಗಿದ ವಾರ ಅಮರೇಶಪ್ಪ ಸನ್ಮಾನ ಇಟ್ಟುಕೊಂಡ. ಕಲ್ಯಾಣದುರ್ಗಕ್ಕೆ ಕಾಗದ ಹೋಯಿತು, ತಾಯಿಯವರನ್ನೂ ತಪ್ಪದೆ ಕರೆತನ್ನಿ ಅಂತ. ಬೆಳಗಿನ ಬಸ್ಸಿಗೆ ಬಂದ ಸೀತಾರಾಮಪ್ಪ ಹೋಳಿಗೆ ಊಟಕ್ಕೆ ಕೂತಾಗ ಆದಿನಾರಾಯಣ ಅವನ ಎದುರಿಗೇ ಕೂತ. ಕತೆ ಅಚ್ಚಾದ ಮೇಲೆ ಅಣ್ಣತಮ್ಮ ಎದುರುಬದುರಾದದ್ದು ಅದೇ ಮೊದಲು.

"ಅಲ್ಲಿ ನಾನು ನಿನ್ನ ಚಿಕ್ಕಪ್ಪನ ಮಗ" ಅಂದ ಆದಿನಾರಾಯಣ. "ನೆಪ್ಪಿಟ್ಕೊ. ಬಾಯ್ತಪ್ಪಿ ಅಣ್ಣ ಅಂದ್ರೂ ಪರವಾಗಿಲ್ಲ, ದಾಯಾದಿ ಅಣ್ಣ ಆಯ್ತದೆ. ಅಮ್ಮನ್ನ ಮಾತ್ರ ನಮ್ಮಮ್ಮ ಅನ್ಬೇಡ, ನನ್ನಮ್ಮ ಅನ್ನು. ನಮ್ಮಿಬ್ಬರಿಗೂ ಸೇರ್ಸಿ ಅನ್ಬೇಡ."

ಸೀತಾರಾಮಪ್ಪ ಹೋಳಿಗೆ ತಟ್ಟೆಗಿಟ್ಟ. "ಏನಣ್ಣಯ್ಯ ಇದು? ಬೇಡ. ನಾನೇ ಅವರಿಗೆ ನಿಜ ಹೇಳ್ತೀನಿ."

"ಏನಂತ ಹೇಳ್ತೀಯ? ಬರ್ದಿದ್ದು ಸುಳ್ಳು ಅಂತ್ಲಾ? ಯಾಕಪ್ಪ ಸುಳ್ಳು ಬರ್ದೆ ಅಂದ್ರೆ?"

"ನಾನು ಹೋಗೋದೇ ಇಲ್ಲ ಬಿಡು."

"ಹೋಗ್ದೆ ಇದ್ರೆ ಕರ್ಕೊಂಡು ಬರೋಕೆ ನನ್ನೇ ಕಳಿಸ್ತಾರೆ. ಉಣ್ಣು, ಉಣ್ಣು. ತುಪ್ಪ ಹಾಕೇ ಅವನಿಗೆ."

ಪದ್ಮಾವತಮ್ಮ ತುಪ್ಪದ ಬಟ್ಟಲನ್ನು ಠಪ್ಪನೆ ಇಟ್ಟಳು. "ನಾನು ಬರಲ್ಲ. ನಂಗೆ ನಾಟಕ ಕಟ್ಟೋಕೆ ಬರಲ್ಲ. ಅಲ್ಲಿ ಮೇಷ್ಟ್ರನ್ನ ಮೈದುನ ಅಂತ ಕರೀಬೇಕೋ ಇನ್ನೇನಂತ ಕರೀಬೇಕೋ, ತಲೆ ತಿರುಗ್ತದೆ."

ರಾಮಕ್ಕ ಅಷ್ಟು ವರ್ಷ ಮಂಡಿಯ ಮೂಟೆ ಬಡಿದವಳು, ಮಂಡಿಯನ್ನು ಒಳಹೊಕ್ಕು ನೋಡಿದ್ದು ಅವತ್ತೇ. ಗೋಡೆಯುದ್ದಕ್ಕೂ ಮೂಟೆ. ನಡುವೆ ಜಮಖಾನ, ಕುರ್ಚಿ, ಊರಿನ ನಾಲ್ಕಾರು ಮಂದಿ. ಆದಿನಾರಾಯಣ ಒಗೆದ ಅಂಗಿ ಹಾಕಿಕೊಂಡು ಗೋಡೌನಿನ ಬಾಗಿಲ ಹತ್ತಿರ ನಿಂತಿದ್ದ. ತಾಯಿಯನ್ನು ಕಂಡವನೇ ಒಂದು ಕುರ್ಚಿ ತಂದು, ಹೆಗಲ ಮೇಲಿನ ಟವೆಲಿನಿಂದ ಅದರ ಧೂಳು ಹೊಡೆದ.

"ಕೂತ್ಕೊ ದೊಡ್ಡಮ್ಮ" ಅಂದ.

ರಾಮಕ್ಕ ಕೂತಳು.

ಅಮರೇಶಪ್ಪ ಶಾಲು ಹೊದಿಸಿದ. ಎರಡು ಮಾತಾಡಿದ. ಬಡತನದ ಗುಂಡಿಯಿಂದ ಎದ್ದು ಬಂದ ಒಬ್ಬಂಟಿ ಹುಡುಗ ಅಂತೆಲ್ಲ ಅಂದ. ಸೀತಾರಾಮಪ್ಪ ಎದ್ದು ನಿಂತು ಎರಡೇ ಮಾತಾಡಿ, ಕೈ ಮುಗಿದು ಕೂತ. ಜನ ಅದನ್ನು ವಿನಯ ಅಂದುಕೊಂಡು ಚಪ್ಪಾಳೆ ತಟ್ಟಿದರು. ಆಮೇಲೆ ಸಾಹುಕಾರ ಆದಿನಾರಾಯಣನ ಕಡೆ ಕೈ ತೋರಿಸಿ, "ಇವನೂ ನಿಮ್ಮ ಮನೆತನದೋನೇ ಅಂತಲ್ಲ ಮೇಷ್ಟ್ರೇ? ಚಿನ್ನದಂಥ ಮನುಷ್ಯ. ಇವನ ಕೈಗೆ ಬೀಗ ಕೊಟ್ಟು ನಾನು ನಿಶ್ಚಿಂತೆಯಿಂದ ನಿದ್ದೆ ಮಾಡ್ತೀನಿ" ಅಂದ.

ಸೀತಾರಾಮಪ್ಪ ಅಣ್ಣನ ಕಡೆ ನೋಡಿದ. ಆದಿನಾರಾಯಣ ಕಣ್ಣಲ್ಲೇ ಬೇಡ ಅಂದ.

"ಹೌದು" ಅಂದ ಮೇಷ್ಟ್ರು. "ನಮ್ಮ ಚಿಕ್ಕಪ್ಪನ ಮಗ."

"ಸಂತೋಷ." ಅಮರೇಶಪ್ಪ ರಾಮಕ್ಕನ ಹತ್ತಿರ ಬಂದು ಬಗ್ಗಿ ನಮಸ್ಕಾರ ಮಾಡಿದ. ಒಳ್ಳೆಯ ಮನುಷ್ಯನೇ, ಕಣ್ಣಲ್ಲಿ ನೀರಿತ್ತು. "ಓದಿ ನಮ್ಮ ತಾಯಿ ನೆನಪಾದ್ರು ಅಮ್ಮ. ಇಂಥ ಮಗನ್ನ ಹೆತ್ರಲ್ಲ. ಇವರೊಬ್ಬರೇ ಏನಮ್ಮ ನಿಮಗೆ?"

ಮಂಡಿಯಲ್ಲಿದ್ದವರೆಲ್ಲ ಅವಳ ಬಾಯಿ ನೋಡಿದರು. ರಾಮಕ್ಕ ಕೈಬೆರಳ ಬಿರುಕುಗಳನ್ನು ನೋಡಿಕೊಂಡಳು.

"ಇಬ್ರು ಸಾಮಿ" ಅಂದಳು.

ಗೋಡೌನಿನ ಬಾಗಿಲ ಹತ್ತಿರ ಬೀಗದ ಕೈ ಒಂದು ಸಲ ಸದ್ದಾಗಿ ಸುಮ್ಮನಾಯಿತು. ಸೀತಾರಾಮಪ್ಪ ಶಾಲಿನ ಅಂಚು ಹಿಡಿದುಕೊಂಡ.

"ಇಬ್ಬರಾ? ಇನ್ನೊಬ್ರು?"

"ದೊಡ್ಡೋನು. ಚಿಕ್ಕೋನನ್ನ ಓದ್ಸೋಕೆ ಅಂತ ಹೋದ. ಇನ್ನೂ ಬಂದಿಲ್ಲ."

ಅಮರೇಶಪ್ಪನಿಗೆ ಏನು ಅರ್ಥವಾಯಿತೋ. ಎಲ್ಲೋ ದೂರದೂರಿಗೆ ದುಡಿಯಲು ಹೋಗಿ ಸತ್ತ ಮಗ ಅಂದುಕೊಂಡಿರಬೇಕು. "ತ್ಚು ತ್ಚು" ಅಂದು, ಮೇಷ್ಟ್ರ ಕಡೆ ತಿರುಗಿ, "ಅದಕ್ಕೇ ಬರೆಯೋಕೆ ಮನಸ್ಸು ಬಂದಿಲ್ಲ, ಪಾಪ" ಅಂದ. ರಾಮಕ್ಕನಿಗೆ, "ಬರ್ತಾನೆ ಬಿಡಿ ತಾಯಿ" ಅಂತ ಸಮಾಧಾನ ಹೇಳಿದ. "ಇನ್ನು ಮೇಲೆ ಹಬ್ಬಹರಿದಿನಕ್ಕೆ ನೀವು ಇಲ್ಲಿಗೆ ಬರ್ಬೇಕು. ಆದಿನಾರಾಯಣ, ನಿಮ್ಮ ದೊಡ್ಡಮ್ಮನ್ನ ಕರ್ಕೊಂಡು ಬರೋ ಜವಾಬ್ದಾರಿ ನಿಂದು."

"ಆಗ್ಲಿ ಸಾಮಿ" ಅಂದ ಆದಿನಾರಾಯಣ.

ಸೀತಾರಾಮಪ್ಪ ಮುಂದಿನ ಬಸ್ಸಿಗೇ ಹೋದ. ಬಸ್‌ಸ್ಟ್ಯಾಂಡಿಗೆ ಬಂದ ತಾಯಿಯ ಹೆಗಲಿಗೆ ಶಾಲು ಹಾಕಿ, "ಅಣ್ಣಂಗೆ ಕೊಡಮ್ಮ" ಅಂದ. "ಮುಂದಿನ ವಾರದಿಂದ ಬರೆಯೋದು ನಿಲ್ಲಿಸ್ತೀನಿ."

"ನಿಲ್ಲಿಸಿದ್ರೆ ಯಾಕೆ ನಿಲ್ಸಿದ್ರು ಅಂತ ಸಾಹುಕಾರ ಅವನನ್ನೇ ಕೇಳ್ತಾನೆ. ಬರಿ" ಅಂದಳು ರಾಮಕ್ಕ. ಬಸ್ಸು ಹೊರಟಿತು.

ಅವಳು ಮನೆಗೆ ಬಂದು ಶಾಲನ್ನು ಮಡಚಿ ಪೆಟ್ಟಿಗೆಯಲ್ಲಿಟ್ಟು, ಸೀರೆ ಬದಲಾಯಿಸಿ, ಗುಂಡಿಯ ಕಲ್ಲಿನ ಮೇಲೆ ಕೂತು ಬಡಿಯತೊಡಗಿದಳು. ಪದ್ಮಾವತಮ್ಮ ನಡೆದದ್ದನ್ನೆಲ್ಲ ಕೇಳಿ ಒಲೆ ಹೊತ್ತಿಸಿದಳು. ವರಲಕ್ಷ್ಮಿ ಅಜ್ಜಿಯ ಪಕ್ಕ ಕೂತು ಬೀಜ ಆರಿಸುತ್ತಾ, "ಅಜ್ಜಿ, ಸಾಹುಕಾರ್ರು ದಾರೀಲಿ ಸಿಕ್ಕಿ ಕೇಳಿದ್ರೆ ನೀನು ನಂಗೆ ಏನಾಗ್ಬೇಕು ಅಂತ ಹೇಳ್ಲಿ?" ಅಂದಳು.

"ಅಜ್ಜಿ ಅಂತ್ಲೇ ಹೇಳು. ದೊಡ್ಡಜ್ಜೀನೂ ಅಜ್ಜೀನೇ."

ದೀಪ ಹಚ್ಚುವ ಹೊತ್ತಿಗೆ ಕೇರಿಯಲ್ಲಿ ಬೀಗದ ಕೈಯ ಸದ್ದಾಯಿತು. ಎದುರು ಮನೆಯ ಕಟ್ಟೆಯ ಮೇಲೆ ಮಂಡಿಯ ಹಮಾಲಿಗಳಿಬ್ಬರು ಕೂತು ಬೀಡಿ ಸೇದುತ್ತಿದ್ದರು. ಆದಿನಾರಾಯಣ ಒಳಗೆ ಬಂದು, ಚಪ್ಪಲಿ ಬಿಟ್ಟು, ತೊಲೆಯ ಅಚ್ಚಿನ ಕೆಳಗೆ ನಿಂತ. ಏನೋ ಹೇಳಲು ಹೋದವನು ಹೊರಗೆ ಕೂತ ಹಮಾಲಿಗಳ ಕಡೆ ನೋಡಿದ.

"ವರ, ಆ ಬಾಗಿಲು ಹಾಕಮ್ಮ" ಅಂದ.

ಹುಡುಗಿ ಎದ್ದು ಬಾಗಿಲು ಹಾಕಿದಳು. ಚಿಲಕ ಬಿದ್ದ ಸದ್ದು ಕೇಳಿದ ಮೇಲೆ ಅವನು ತಾಯಿಯ ಎದುರು, ಕಲ್ಲಿನ ಅಂಚಿಗೆ ಕೂತ.

"ಅಮ್ಮ" ಅಂದ. "ಹಸಿವಾಯ್ತದೆ, ಇಕ್ಕು."